ಮುಳುಗಿದ ಹಡಗುಗಳಲ್ಲಿ ಸ್ಕೂಬಾ ಡೈವಿಂಗ್

ಕಡಲ ತಳದಲ್ಲಿ ಬಿದ್ದಿರುವ ಹಡಗನ್ನು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿದು ನೋಡುವುದಕ್ಕೆ ಡೈವರ್‌ಗಳು ‘ರೆಕ್ ಡೈವಿಂಗ್’ ಎನ್ನುತ್ತಾರೆ. ಇದರಲ್ಲಿ ಮೂರು ಬಗೆಗಳಿವೆ. ಹಡಗಿನ ಹೊರಮೈ ಸುತ್ತ ಈಜಿ ಬರುವುದು, ಬಾಗಿಲು ಕಿಂಡಿಗಳಿಂದ ಒಳಗೆ ಇಣುಕುವುದು, ಒಳಗೇ ಹೋಗುವುದು. ಮೂರಕ್ಕೂ ಬೇಕಾದ ತರಬೇತಿ ಬೇರೆ, ಅಪಾಯವೂ ಬೇರೆ. ಮೋಜಿಗಾಗಿ ಇಳಿಯುವವರಲ್ಲದೆ ಪುರಾತತ್ತ್ವಜ್ಞರು, ನೌಕಾಪಡೆಯ ಮುಳುಗುಗಾರರು, ಹಡಗು ಎತ್ತುವ ಕಂಪನಿಗಳ ಕೆಲಸಗಾರರು, ಕಡಲ ಜೀವಶಾಸ್ತ್ರಜ್ಞರು ಕೂಡ ಇದೇ ಕೆಲಸ ಮಾಡುತ್ತಾರೆ. ಕರ್ನಾಟಕಕ್ಕೆ ಸುಮಾರು 320 ಕಿಲೋಮೀಟರ್ ಕರಾವಳಿಯಿದೆ, ಅದರ ಎದುರಿನ ನೀರಿನಲ್ಲಿ ಮುಳುಗಿದ ಹಡಗುಗಳಿಗೆ ಕೊರತೆಯಿಲ್ಲ. ಆದರೂ ಇಲ್ಲಿನ ಡೈವರ್‌ಗಳು ಹಡಗು ನೋಡಲು ಗೋವೆಗೋ ಅಂಡಮಾನಿಗೋ ಶ್ರೀಲಂಕೆಗೋ ಹೋಗುತ್ತಾರೆ. ಕಾರಣ ಮುಂದೆ ಬರುತ್ತದೆ.

ಹಿನ್ನೆಲೆ

ಬೆನ್ನ ಮೇಲೆ ಹೊತ್ತೊಯ್ಯಬಹುದಾದ, ಬೇಕೆಂದಾಗ ಬೇಕಾದಷ್ಟೇ ಗಾಳಿ ಬಿಡುವ ಉಸಿರಾಟದ ಯಂತ್ರವನ್ನು ಫ್ರಾನ್ಸಿನ ಜಾಕ್ ಕುಸ್ಟೊ ಮತ್ತು ಎಮಿಲ್ ಗಾನ್ಯಾನ್ ರೂಪಿಸಿದ್ದು 1943ರ ಹೊತ್ತಿಗೆ. ಅದಕ್ಕೆ ಮೊದಲು ಹಡಗಿನ ಬಳಿಗೆ ಇಳಿಯಬೇಕಾದವರು ತಾಮ್ರದ ಶಿರಸ್ತ್ರಾಣ ಧರಿಸಿ, ಮೇಲಿನ ದೋಣಿಯಿಂದ ಬರುವ ಗಾಳಿಯ ಕೊಳವೆಯನ್ನು ನಂಬಿ ನಡೆಯಬೇಕಿತ್ತು. ಕೊಳವೆ ಹೋದ ನಂತರ ಈಜು ಬಲ್ಲ ಸಾಮಾನ್ಯರೂ ಕಡಲ ತಳ ಮುಟ್ಟಲಾರಂಭಿಸಿದರು. ಕೆಂಪು ಸಮುದ್ರದಲ್ಲಿ 1941ರ ಅಕ್ಟೋಬರಿನಲ್ಲಿ ಜರ್ಮನ್ ವಿಮಾನಗಳ ಬಾಂಬಿಗೆ ಮುಳುಗಿದ ಬ್ರಿಟಿಷ್ ಸರಕು ಹಡಗು ಥಿಸಲ್‌ಗಾರ್ಮ್ ಇಂದು ಈ ಹವ್ಯಾಸದ ತೀರ್ಥಕ್ಷೇತ್ರದಂತಿದೆ. ಸುಮಾರು 30 ಮೀಟರ್ ಆಳದಲ್ಲಿ, ಅದರ ಗೋದಾಮಿನೊಳಗೆ ಸೇನೆಯ ಲಾರಿಗಳೂ ಮೋಟಾರ್ ಸೈಕಲ್‌ಗಳೂ ಈಗಲೂ ಸಾಲಾಗಿ ನಿಂತಿವೆ. ನಮಗೆ ಹತ್ತಿರದ ದೊಡ್ಡ ಹೆಸರು ಎಚ್‌ಎಂಎಸ್ ಹರ್ಮಿಸ್. 1942ರ ಏಪ್ರಿಲ್ 9ರಂದು ಜಪಾನೀ ವಿಮಾನಗಳು ಶ್ರೀಲಂಕೆಯ ಬಟ್ಟಿಕಲೋವಾ ಎದುರು ಮುಳುಗಿಸಿದ ಈ ವಿಮಾನವಾಹಕ ನೌಕೆ 50 ಮೀಟರಿಗೂ ಕೆಳಗಿದೆ. ಹವ್ಯಾಸಿಗಳ 40 ಮೀಟರ್ ಮಿತಿಯನ್ನು ಅದು ದಾಟುವುದರಿಂದ ವಿಶೇಷ ತರಬೇತಿ ಪಡೆದವರಿಗೆ ಮಾತ್ರ ಸಲ್ಲುತ್ತದೆ.

ಬೆಚ್ಚಗಿನ ನೀರು ಹಡಗಿಗೆ ಮಾಡುವುದೇನು

ಸ್ವೀಡನ್ನಿನ ವಾಸಾ ಹಡಗು 1628ರಲ್ಲಿ ಮುಳುಗಿ 1961ರಲ್ಲಿ ಮೇಲೆ ಬಂದಾಗ ಅದರ ಮರದ ಕೆತ್ತನೆಗಳು ಕೂಡ ಉಳಿದಿದ್ದವು. ಬಾಲ್ಟಿಕ್ ಸಮುದ್ರದ ನೀರಿನಲ್ಲಿ ಉಪ್ಪು ಕಡಿಮೆ, ಚಳಿ ಹೆಚ್ಚು, ಮರ ಕೊರೆಯುವ ಹುಳು ಅಲ್ಲಿ ಬದುಕುವುದಿಲ್ಲ. ಅರಬ್ಬೀ ಸಮುದ್ರದಲ್ಲಿ ಅಂಥ ಭಾಗ್ಯ ಯಾವ ಹಡಗಿಗೂ ಇಲ್ಲ. ಮರಳಿನಡಿ ಹೂತುಹೋದ ಭಾಗವೊಂದನ್ನು ಬಿಟ್ಟರೆ ಹಲಗೆ, ಅಡಿಮರ, ಕಂಬ ಎಲ್ಲವನ್ನೂ ಹುಳು ತಿಂದು ಮುಗಿಸುತ್ತದೆ. ಉಳಿಯುವುದು ಕಲ್ಲು, ಮಣ್ಣಿನ ಸಾಮಾನು, ಸೀಸ, ಹಿತ್ತಾಳೆ, ದಂತ. ಹೀಗಾಗಿ ನಮ್ಮ ಕಡಲಿನ ಹಳೆಯ ಹಡಗು ಎಂದರೆ ಹೆಚ್ಚಿನ ಪಕ್ಷ ಹಡಗಿನ ಆಕಾರವಿಲ್ಲದ ಸರಕಿನ ರಾಶಿ. ಸಿನಿಮಾದಲ್ಲಿ ಕಂಡಂತೆ ಪಟಕಂಬ ಸಮೇತ ನಿಂತ ಹಡಗನ್ನು ಹುಡುಕಿಕೊಂಡು ಹೋದವರಿಗೆ ನಿರಾಸೆಯೇ ಗತಿ.

ಕಬ್ಬಿಣದ ಹಡಗಿನ ಕತೆ ಬೇರೆ. ಉಕ್ಕಿನ ತಗಡು ಉಪ್ಪುನೀರಿನಲ್ಲಿ ವರ್ಷಕ್ಕೆ ಸುಮಾರು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಸವೆಯುತ್ತದೆ ಎಂಬುದು ಸಾಮಾನ್ಯ ಅಂದಾಜು. ನೀರು ಬೆಚ್ಚಗಿದ್ದು, ಅಲೆಯ ಹೊಡೆತ ಹೆಚ್ಚಿದ್ದರೆ ಇನ್ನೂ ಬೇಗ. ಆದರೆ ಬೆಚ್ಚಗಿನ ನೀರೇ ಇನ್ನೊಂದು ಕಡೆಯಿಂದ ರಕ್ಷಣೆಯನ್ನೂ ಕೊಡುತ್ತದೆ. ಮುಳುಗಿದ ಕೆಲವೇ ವಾರಗಳಲ್ಲಿ ಪಾಚಿ, ಆಮೇಲೆ ಚಿಪ್ಪುಜೀವಿಗಳು, ಸ್ಪಂಜು, ಮೃದು ಹವಳ ಒಂದರ ಮೇಲೊಂದು ಹತ್ತಿ ಕೂತು ಲೋಹದ ಮೇಲೆ ಗಟ್ಟಿ ಪದರ ಕಟ್ಟುತ್ತವೆ. ಮರಳು ತಳದ ಬಯಲಿನಲ್ಲಿ ಅವಿತುಕೊಳ್ಳಲು ಜಾಗವಿಲ್ಲದ ಮೀನುಗಳಿಗೆ ಇದೊಂದು ಊರಾಗುತ್ತದೆ. ಕತ್ತಲ ಮೂಲೆಯಲ್ಲಿ ಮುರುಮೀನು, ಮೇಲ್ಭಾಗದಲ್ಲಿ ಕೆಂಬೇರಿಯ ಹಿಂಡು, ಅಡಿಯ ಮರಳಿನಲ್ಲಿ ಮೈ ಹೂತು ಮಲಗಿದ ತೊರಕೆ, ಮುರಿದ ಕಂಬಿಗಳ ನಡುವೆ ರೆಕ್ಕೆ ಬಿಚ್ಚಿ ನಿಂತ ವಿಷಮುಳ್ಳಿನ ಸಿಂಹಮೀನು. ಇದೇ ಕಾರಣಕ್ಕೆ ಮುಳುಗಿದ ಹಡಗಿನ ಜಾಗ ಡೈವರ್‌ಗಳಿಗಿಂತ ಮೊದಲೇ ಮೀನುಗಾರರಿಗೆ ಗೊತ್ತಿರುತ್ತದೆ. ಅಲ್ಲಿ ಮೀನು ಹೆಚ್ಚು ಸಿಗುತ್ತದೆ, ಬಲೆಯೂ ಹರಿಯುತ್ತದೆ.

ಹಂಚು ಹೊತ್ತ ಹಡಗು

ಕನ್ನಡ ನಾಡಿನೊಂದಿಗೆ ಹತ್ತಿರದ ನಂಟಿರುವ ರೆಕ್ ಒಂದು ಇರುವುದು ಗೋವೆಯ ಎದುರು, ಸೇಂಟ್ ಜಾರ್ಜ್ ರೀಫ್ ಎಂಬ ನೀರೊಳಗಿನ ಬಂಡೆಸಾಲಿನಲ್ಲಿ. ದೋನಾ ಪಾವ್ಲಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಕಡಲ ಪುರಾತತ್ತ್ವ ತಂಡ ಅಲ್ಲಿ ಡೈವಿಂಗ್ ಮಾಡಿ ಶೋಧ ನಡೆಸಿತು. ಅಲ್ಲಿ ಸಿಕ್ಕಿದ್ದು ಚಿನ್ನವಲ್ಲ, ಫಿರಂಗಿಯಲ್ಲ. ಮಾಡಿನ ಹಂಚು, ಮಾಡಿನ ನೆತ್ತಿಗೆ ಹೊದಿಸುವ ಹಂಚು, ನೆಲಕ್ಕೆ ಹಾಸುವ ಹಂಚು, ಹೊಗೆಗೂಡಿನ ಇಟ್ಟಿಗೆ, ಕಂಬದ ಸುಟ್ಟಮಣ್ಣಿನ ತುಂಡುಗಳು, ಎಲೆಬಳ್ಳಿಯ ಅಲಂಕಾರವಿರುವ ಗ್ರೀಕ್ ಮಾದರಿಯ ಕಂಬದ ಬೋದಿಗೆ. ಕಟ್ಟಡ ಸಾಮಗ್ರಿ ಸಾಗಿಸುತ್ತಿದ್ದ ಹಡಗೊಂದು ಬಂಡೆಗೆ ತಾಗಿ ಹೊಟ್ಟೆ ಒಡೆದುಕೊಂಡಿತ್ತು. ಹಡಗಿಗಿಂತ ಅದರ ಸರಕೇ ಹೆಚ್ಚು ಉಳಿದಿತ್ತು. ಕೆಲವು ಹಂಚುಗಳ ಮೇಲೆ ಒತ್ತಿದ ಅಕ್ಷರಗಳು ಇನ್ನೂ ಓದುವಂತಿದ್ದವು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865.

ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯಲ್ಲಿ, ಬಾಸೆಲ್ ಮಿಷನ್ನಿನ ಗಿಯಾರ್ಗ್ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ತೆರೆದದ್ದು ಅದೇ ವರ್ಷ. ಹೊಳೆಯ ದಂಡೆಯ ಜೇಡಿಮಣ್ಣು, ಯಂತ್ರದ ಒತ್ತು, ಬಟ್ಟಿಯ ಬೆಂಕಿ ಸೇರಿ ತಯಾರಾದ ಆ ಚಪ್ಪಟೆ ಹಂಚು ಹುಲ್ಲಿನ ಮಾಡನ್ನೂ ನಾಡಹಂಚನ್ನೂ ಪಕ್ಕಕ್ಕೆ ಸರಿಸಿತು. ಮಿಷನ್ನಿನ ಕಾರ್ಖಾನೆಗಳು ಮುಂದೆ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ ಕಡೆಗೂ ಹಬ್ಬಿದವು. ಬೆಂಗಳೂರಿನಲ್ಲಿ 1892ರಲ್ಲಿ ರೂಪುಗೊಂಡ ಚಾಮರಾಜಪೇಟೆಯಲ್ಲಿ, ಅದರ ಬೆನ್ನಿಗೇ ಬೆಳೆದ ಬಸವನಗುಡಿ, ಮಲ್ಲೇಶ್ವರದಲ್ಲಿ ಉಳಿದಿರುವ ಹಳೆಯ ಮನೆಗಳ ಮಾಡಿನ ಮೇಲೆ ಇರುವುದೂ ಇಂಥ ಮಂಗಳೂರು ಹಂಚೇ. ಮನೆ ಕೆಡವುವಾಗ ಇಳಿಸಿದ ಹಂಚನ್ನು ಮಗುಚಿ ನೋಡಿದರೆ ಬೆನ್ನಿನಲ್ಲಿ ಕಾರ್ಖಾನೆಯ ಹೆಸರು ಕಾಣುತ್ತದೆ. ಕಡಲ ತಳದ ಹಂಚಿನ ಮೇಲೂ ಮುಳುಗುಗಾರರು ಓದಿದ್ದು ಅದನ್ನೇ.

ಇಲ್ಲಿ ಒಂದು ಎಚ್ಚರ ಅಗತ್ಯ. ಹಂಚಿನ ಮೇಲಿನ 1865 ಕಾರ್ಖಾನೆ ಹುಟ್ಟಿದ ವರ್ಷ, ಆ ಹಂಚು ತಯಾರಾದ ವರ್ಷವಲ್ಲ. ಎಷ್ಟೋ ವರ್ಷಗಳ ನಂತರ ಒತ್ತಿದ ಹಂಚಿನ ಮೇಲೂ ಆ ಸಂಖ್ಯೆ ಇರಬಹುದು. ಹೀಗಾಗಿ ಅಚ್ಚು ಹೇಳುವುದು ಒಂದೇ ಮಾತು: ಹಡಗು 1865ಕ್ಕಿಂತ ಮೊದಲು ಮುಳುಗಿದ್ದಲ್ಲ. ಉಳಿದದ್ದನ್ನು ಸರಕಿನ ಬಗೆ, ಜೋಡಿಸಿದ ಕ್ರಮ, ಮಣ್ಣಿನ ಪರೀಕ್ಷೆಗಳಿಂದ ಕಟ್ಟಿಕೊಳ್ಳಬೇಕಾಗುತ್ತದೆ. ಶೋಧ ತಂಡ ಇದನ್ನು 19ನೇ ಶತಮಾನದ ಉತ್ತರಾರ್ಧದ ಹಡಗು ಎಂದು ಗುರುತಿಸಿತು. ಒಬ್ಬ ಪ್ರವಾಸಿ ಒಂದು ಅಚ್ಚಿನ ಹಂಚನ್ನು ನೆನಪಿಗೆಂದು ಮೇಲೆ ತಂದಿದ್ದರೆ ಅದು ಮೇಜಿನ ಮೇಲಿನ ಅಲಂಕಾರವಷ್ಟೇ ಆಗುತ್ತಿತ್ತು. ತಳದಲ್ಲಿ, ಇತರ ಸರಕಿನ ಪಕ್ಕದಲ್ಲಿ, ಇದ್ದ ಜಾಗದಲ್ಲೇ ಅಳೆದು ಚಿತ್ರ ತೆಗೆದದ್ದರಿಂದ ಮಂಗಳೂರಿನ ಒಂದು ಉದ್ಯಮದ ಕಡಲ ವ್ಯಾಪಾರಕ್ಕೆ ಅದು ಸಾಕ್ಷಿಯಾಯಿತು.

ಅದೇ ಸಂಸ್ಥೆ ಗೋವೆಯ ಸುಂಚಿ ರೀಫಿನಲ್ಲಿ 17ನೇ ಶತಮಾನದ ಪೋರ್ಚುಗೀಸ್ ಹಡಗಿನ ಅವಶೇಷವನ್ನೂ ಶೋಧಿಸಿತು. ಅಲ್ಲಿ ಫಿರಂಗಿ, ಆನೆದಂತ, ನೀರಾನೆಯ ಹಲ್ಲು, ಚೀನೀ ಪಿಂಗಾಣಿಯ ಚೂರು, ದೊಡ್ಡ ಜಾಡಿಗಳ ತುಂಡುಗಳು ದೊರೆತವು. ಆಮಿ ಶೋಲ್ಸ್ ಎಂಬಲ್ಲಿ ಉಗಿಹಡಗಿನ ಯಂತ್ರದ ಭಾಗಗಳಿವೆ.

ಶಿಕಾರಿಪುರ ರಂಗನಾಥ ರಾವ್

ಗೋವೆಯ ಸಮುದ್ರ ವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ತ್ವ ವಿಭಾಗಕ್ಕೆ ಬುನಾದಿ ಹಾಕಿದವರು ಕನ್ನಡಿಗ ಎಸ್. ಆರ್. ರಾವ್. 1922ರಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ, ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಲ್ಲಿ ದುಡಿದ ಅವರು ಹರಪ್ಪ ಕಾಲದ ಬಂದರು ಪಟ್ಟಣ ಲೋಥಲನ್ನು ಬೆಳಕಿಗೆ ತಂದವರೆಂದು ಹೆಸರಾದವರು. ನಿವೃತ್ತಿಯ ವಯಸ್ಸಿನಲ್ಲಿ ಸುಮ್ಮನೆ ಕೂರದೆ 1981ರಿಂದ ಗೋವೆಯಲ್ಲಿ ಹೊಸ ಶಾಸ್ತ್ರವೊಂದನ್ನು ಕಟ್ಟಲು ತೊಡಗಿದರು. 1983ರಿಂದ ದ್ವಾರಕೆಯ ಎದುರಿನ ಕಡಲಲ್ಲಿ ನಡೆದ ಶೋಧದಲ್ಲಿ ಗೋಡೆಯ ಕಲ್ಲುಗಳೂ ಮೂರು ತೂತಿನ ಕಲ್ಲಿನ ಲಂಗರುಗಳೂ ಸಿಕ್ಕವು. ಅವುಗಳ ಕಾಲದ ಬಗ್ಗೆ ರಾವ್ ಅವರ ತೀರ್ಮಾನಗಳನ್ನು ಒಪ್ಪದ ವಿದ್ವಾಂಸರಿದ್ದಾರೆ, ಆ ಚರ್ಚೆ ಇನ್ನೂ ಮುಗಿದಿಲ್ಲ. ಅದೇನೇ ಇರಲಿ, ನೆಲದ ಮೇಲಿನ ಉತ್ಖನನದಷ್ಟೇ ಶಿಸ್ತಿನಿಂದ ನೀರಿನ ತಳವನ್ನೂ ಅಳೆಯಬಹುದು, ಅಳೆಯಬೇಕು ಎಂಬ ಅಭ್ಯಾಸ ಈ ದೇಶದಲ್ಲಿ ಬೇರೂರಿದ್ದು ಅವರಿಂದ. ಅವರು 2013ರ ಜನವರಿ 3ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಕಡಲಿಲ್ಲದ ಈ ನಗರಕ್ಕೆ ಡೈವಿಂಗ್ ಚರಿತ್ರೆಯಲ್ಲಿ ಇಷ್ಟು ದೊಡ್ಡ ಪಾಲಿದೆ ಎಂಬುದು ಇಲ್ಲಿಂದ ವಾರಾಂತ್ಯಕ್ಕೆ ಕಡಲಿಗೆ ಹೊರಡುವ ಹುಡುಗ ಹುಡುಗಿಯರಿಗೆ ತಿಳಿದಿರಬೇಕು.

ಕರ್ನಾಟಕದ ಕಡಲಲ್ಲಿ ಮುಳುಗಿದವು

ಬೆಂಗಳೂರಿನ ಕಲಾಸಿಪಾಳ್ಯದ ಬಸ್ ನಿಲ್ದಾಣದ ಹತ್ತಿರವೇ, ಕೋಟೆಯ ಪಕ್ಕದಲ್ಲಿ, ಮರದ ಕಂಬಗಳ ಅರಮನೆಯೊಂದಿದೆ. ಹೈದರಾಲಿ ಶುರು ಮಾಡಿ ಟಿಪ್ಪು 1791ರಲ್ಲಿ ಮುಗಿಸಿದ್ದು. ಒಳನಾಡಿನಲ್ಲಿ ಅರಮನೆ ಕಟ್ಟಿಕೊಂಡ ಈ ಇಬ್ಬರಿಗೂ ಕಡಲಿನ ಹಂಬಲ ಬಲವಾಗಿತ್ತು. 1780ರ ಡಿಸೆಂಬರಿನಲ್ಲಿ ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿಗೆ ನುಗ್ಗಿ ಹೈದರನ ಯುದ್ಧನೌಕೆಗಳನ್ನು ನಾಶ ಮಾಡಿದ. ಟಿಪ್ಪು 1786ರಲ್ಲಿ ತುರ್ಕಿಯ ಸುಲ್ತಾನನ ಬಳಿಗೆ ಕಳಿಸಿದ ರಾಯಭಾರಿಗಳು ಗೋಕರ್ಣದ ಹತ್ತಿರದ ತದಡಿಯಿಂದ ನಾಲ್ಕು ಹಡಗುಗಳಲ್ಲಿ ಹೊರಟರು. ದಾರಿಯಲ್ಲಿ ಬೆಂಕಿಯೂ ಬಿರುಗಾಳಿಯೂ ಆ ಹಡಗುಗಳನ್ನು ಬಿಡಲಿಲ್ಲ. 1796ರಲ್ಲಿ ಅವನು 40 ಯುದ್ಧನೌಕೆಗಳನ್ನು ಕಟ್ಟಲು ಹುಕುಂ ಹೊರಡಿಸಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಆ ಯೋಜನೆ ಅಲ್ಲಿಗೇ ನಿಂತಿತು. ಹಡಗಿನ ಮರ ಪಶ್ಚಿಮ ಘಟ್ಟದ ಸಾಗುವಾನಿಯೇ ಆಗಿದ್ದರೂ ಅರಬ್ಬೀ ಸಮುದ್ರದ ಹುಳುವಿಗೆ ಸಾಗುವಾನಿಯ ಮರ್ಯಾದೆ ಗೊತ್ತಿಲ್ಲ. ಮಂಗಳೂರಿನ ಹಳೆ ಬಂದರಿನ ಹೂಳಿನಲ್ಲಿ ಹೈದರನ ನೌಕೆಗಳದ್ದೇನಾದರೂ ಉಳಿದಿದ್ದರೆ ಅದು ಹೆಚ್ಚಾಗಿ ಲೋಹದ್ದೇ ಇದ್ದೀತು.

ಇತ್ತೀಚಿನ ಮುಳುಗಡೆಗಳು ಹೆಚ್ಚು ಸ್ಪಷ್ಟವಾಗಿ ದಾಖಲಾಗಿವೆ, ಅವುಗಳಲ್ಲಿ ಬಹುಪಾಲು ಮುಂಗಾರಿನ ಆಸುಪಾಸಿನವು. 2006ರ ಮೇ 30ರಂದು ಪನಾಮಾ ಧ್ವಜದ ಓಷನ್ ಸೆರಾಯಾ ಕಾರವಾರದ ಎದುರು ದೀಪಸ್ತಂಭವಿರುವ ಆಯ್‌ಸ್ಟರ್ ರಾಕ್ ದ್ವೀಪದ ಬಂಡೆಗೆ ಹತ್ತಿ ಮುರಿಯಿತು, ಅದರ ಎಣ್ಣೆ ಕಾರವಾರದ ಕಡಲತೀರಗಳಿಗೆ ಬಳಿದುಕೊಂಡಿತು. 2007ರ ಜೂನಿನಲ್ಲಿ ಎರಿಟ್ರಿಯಾದ ಡೆನ್ ಡೆನ್ ಮಂಗಳೂರಿನ ಎದುರು ಮುಳುಗಿತು, ಜೀವಹಾನಿಯೂ ಆಯಿತು. ಅದೇ ವರ್ಷ ಅದಿರು ತುಂಬಿದ ಚೀನಾದ ಚಾಂಗ್ ಲೆ ಮೆನ್ ಕೂಡ ನವಮಂಗಳೂರು ಬಂದರಿನ ಹೊರಗೆ ತಳ ಸೇರಿತು.

2009ರ ಜುಲೈನಲ್ಲಿ ಮುಳುಗಿದ ಏಷಿಯನ್ ಫಾರೆಸ್ಟ್ ಹಡಗಿನ ಪ್ರಕರಣ ಜಗತ್ತಿನ ಹಡಗು ಸುರಕ್ಷತೆಯ ಪಾಠಗಳಲ್ಲೇ ಸೇರಿಹೋಗಿದೆ. ಅದು ಹೊತ್ತಿದ್ದು ಕಬ್ಬಿಣದ ಅದಿರಿನ ಸಣ್ಣ ಪುಡಿ. ತೆರೆದ ಬಯಲಿನಲ್ಲಿ ರಾಶಿ ಹಾಕಿದ ಅದಿರು ಮಳೆಯಲ್ಲಿ ನೆನೆದು, ಹಾಗೆಯೇ ಹಡಗಿನ ಹೊಟ್ಟೆ ಸೇರಿದರೆ, ಎಂಜಿನ್ನಿನ ನಡುಕಕ್ಕೂ ಅಲೆಯ ತೊನೆದಾಟಕ್ಕೂ ಕಣಗಳ ನಡುವಿನ ನೀರು ಒತ್ತಡಕ್ಕೆ ಸಿಕ್ಕಿ, ಗಟ್ಟಿಯಾಗಿ ಕಂಡ ಸರಕು ಇದ್ದಕ್ಕಿದ್ದಂತೆ ಕೆಸರಿನಂತೆ ಹರಿಯಲಾರಂಭಿಸುತ್ತದೆ. ಹಡಗು ಒಂದು ಕಡೆಗೆ ವಾಲಿದಾಗ ಸರಕೂ ಅತ್ತಲೇ ಜಾರುತ್ತದೆ, ಹಡಗು ಮರಳಿ ನೆಟ್ಟಗಾಗುವುದಿಲ್ಲ. ಏಷಿಯನ್ ಫಾರೆಸ್ಟಿನ 18 ಚೀನೀ ನಾವಿಕರನ್ನು ಕರಾವಳಿ ಕಾವಲು ಪಡೆ ಉಳಿಸಿತು. ಅದೇ ವರ್ಷ ಒಡಿಶಾದ ಪಾರಾದೀಪದ ಎದುರು ಬ್ಲ್ಯಾಕ್ ರೋಸ್ ಹಡಗು ಇದೇ ಬಗೆಯಲ್ಲಿ ಮುಳುಗಿತು. ಅದಿರಿನ ತೇವಾಂಶ ಅಳೆಯದೆ ತುಂಬಬಾರದೆಂಬ ಅಂತರರಾಷ್ಟ್ರೀಯ ನಿಯಮ ಬಿಗಿಯಾಗಲು ಈ ಎರಡು ಪ್ರಕರಣಗಳೂ ಕಾರಣವಾದವು.

2022ರ ಜೂನಿನಲ್ಲಿ ಚೀನಾದಿಂದ ಲೆಬನಾನಿಗೆ ಸುಮಾರು 8,000 ಟನ್ ಉಕ್ಕಿನ ಸುರುಳಿ ಒಯ್ಯುತ್ತಿದ್ದ ಪ್ರಿನ್ಸೆಸ್ ಮಿರಾಲ್ ಉಳ್ಳಾಲದ ಬಟ್ಟಪಾಡಿ ಎದುರು ನೆಲಕಚ್ಚಿ ಮುಳುಗಿತು. ಅದರಲ್ಲಿದ್ದ 15 ಸಿರಿಯನ್ನರೂ ಪಾರಾದರು. 2025ರ ಮೇ ತಿಂಗಳಲ್ಲಿ ಮಂಗಳೂರಿನಿಂದ ಲಕ್ಷದ್ವೀಪದ ಕಡಮತ್ ದ್ವೀಪಕ್ಕೆ ಸಿಮೆಂಟು ಮತ್ತು ಕಟ್ಟಡ ಸಾಮಗ್ರಿ ಹೊತ್ತು ಹೊರಟ ಸಲಾಮತ್ ಎಂಬ ಮಂಜಿ, ಅಂದರೆ ಸರಕು ಒಯ್ಯುವ ದೋಣಿ, ನಡುಗಡಲಲ್ಲಿ ಮುಳುಗಿತು. ಅದರ ಆರು ಮಂದಿಯೂ ಬದುಕಿದರು. ಲಕ್ಷದ್ವೀಪಕ್ಕೆ ಹಂಚು, ಅಕ್ಕಿ, ತರಕಾರಿ ಒಯ್ಯುವ ಮಂಜಿಗಳ ಸಾಲಿನಲ್ಲಿ ಹೀಗೆ ಹೋದವು ಹಿಂದೆಯೂ ಬಹಳ.

ಇವುಗಳಲ್ಲಿ ಯಾವುದೂ ಪ್ರವಾಸಿ ಡೈವಿಂಗಿನ ತಾಣವಲ್ಲ. ಬಂದರಿನ ಹಾದಿಗೆ ಹತ್ತಿರವಿರುವ ಜಾಗಗಳಲ್ಲಿ ಹಡಗುಗಳ ಸಂಚಾರವಿದೆ. ಗುರುಪುರ, ನೇತ್ರಾವತಿ, ಕಾಳಿಯಂಥ ನದಿಗಳು ತರುವ ಮಣ್ಣಿನಿಂದ ದಡದ ಹತ್ತಿರದ ನೀರು ಕದಡಿರುತ್ತದೆ, ಚಾಚಿದ ಕೈ ಕಾಣದಷ್ಟು. ಉಳಿದ ಎಣ್ಣೆ, ಚೂಪು ತಗಡು, ಸಿಕ್ಕಿಕೊಂಡ ಬಲೆ ಬೇರೆ.

ಮುಳುಗಡೆಯ ಬಗ್ಗೆ ಬರೆಯುವಾಗ ಮಲ್ಪೆಯ ಸುವರ್ಣ ತ್ರಿಭುಜ ಬೋಟನ್ನು ಬಿಡುವಂತಿಲ್ಲ. 2018ರ ಡಿಸೆಂಬರಿನಲ್ಲಿ ಮೀನುಗಾರಿಕೆಗೆ ಹೋದ ಆ ಬೋಟು ಏಳು ಮಂದಿಯೊಂದಿಗೆ ಕಾಣೆಯಾಯಿತು. ತಿಂಗಳುಗಟ್ಟಲೆ ಹುಡುಕಾಟದ ನಂತರ 2019ರ ಮೇ ತಿಂಗಳಲ್ಲಿ ನೌಕಾಪಡೆಯ ಡೈವಿಂಗ್ ನೌಕೆ ಐಎನ್‌ಎಸ್ ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣದ ಎದುರು ಸುಮಾರು 60 ಮೀಟರ್ ಆಳದಲ್ಲಿ ಅದರ ಅವಶೇಷ ಪತ್ತೆ ಮಾಡಿತು. ಏಳು ಮಂದಿಯ ಮನೆಯವರಿಗೆ ಆ ಪತ್ತೆಯ ಅರ್ಥವೇ ಬೇರೆ. ಮುಳುಗಿದ ಹಡಗು ನೋಡಲು ಹೋಗುವವರು ಮೊದಲು ಕೇಳಬೇಕಾದ ಪ್ರಶ್ನೆ ಇದು: ಇದರಲ್ಲಿ ಯಾರಾದರೂ ಸತ್ತಿದ್ದಾರೆಯೇ? 1971ರ ಡಿಸೆಂಬರ್ 9ರಂದು ದೀವ್ ಎದುರು ಮುಳುಗಿದ ಐಎನ್‌ಎಸ್ ಖುಕ್ರಿಯಂಥವು ಸಮಾಧಿಗಳು. ಅವಕ್ಕೆ ಸಲ್ಲಬೇಕಾದ್ದು ಗೌರವ.

ನೇತ್ರಾಣಿ ಮತ್ತು ಘಟ್ಟದ ಲೆಕ್ಕ

ಕರ್ನಾಟಕದಲ್ಲಿ ಸ್ಕೂಬಾ ಎಂದರೆ ಸದ್ಯಕ್ಕೆ ನೇತ್ರಾಣಿ. ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ಈ ದ್ವೀಪದ ಸುತ್ತ ನದಿಯ ಕೆಸರು ತಲುಪದಷ್ಟು ತಿಳಿನೀರಿದೆ. ಅಕ್ಟೋಬರಿನಿಂದ ಮೇವರೆಗೆ ಋತು, ಮುಂಗಾರಿನಲ್ಲಿ ಪೂರ್ತಿ ಬಂದ್. ಇಲ್ಲಿರುವುದು ಬಂಡೆ, ಹವಳ, ಮೀನು. ಹೇಳಿಕೊಳ್ಳುವಂಥ ಹಡಗಿಲ್ಲ. ನೌಕಾಪಡೆ ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿದ್ದರಿಂದ ತಳದಲ್ಲಿ ಶೆಲ್ಲುಗಳ ತುಂಡು ಸಿಕ್ಕಿದ್ದಿದೆ. ಅವನ್ನು ಮುಟ್ಟಬಾರದು. ನೇತ್ರಾಣಿಯನ್ನೂ ತೋರಿಸಿದ ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ಸಾಕ್ಷ್ಯಚಿತ್ರ 2022ರಲ್ಲಿ ತೆರೆಕಂಡ ಮೇಲೆ ಈ ನೀರನ್ನು ನೋಡಬೇಕೆಂಬ ಆಸೆ ಒಳನಾಡಿನವರಲ್ಲಿ ಇನ್ನಷ್ಟು ಹೆಚ್ಚಿತು. ಹಡಗು ಬೇಕೆನ್ನುವವರು ಮುಂದೆ ಗೋವೆಯ ಗ್ರಾಂದ್ ದ್ವೀಪಕ್ಕೆ ಹೋಗುತ್ತಾರೆ. ಅಲ್ಲಿ ಸೂಜೀಸ್ ರೆಕ್ ಎಂದು ಕರೆಯುವ ಹಳೆಯ ಸರಕು ಹಡಗು 20 ಮೀಟರಿಗಿಂತ ಕಡಿಮೆ ಆಳದಲ್ಲಿ, ಹೊಸಬರೂ ನೋಡುವಂತೆ ಹರಡಿ ಬಿದ್ದಿದೆ.

ಬೆಂಗಳೂರಿನವರಿಗೆ ಇಲ್ಲೊಂದು ಅಪಾಯವಿದೆ, ಹೆಚ್ಚಿನವರು ಅದನ್ನು ಗಮನಿಸುವುದಿಲ್ಲ. ನೀರಿನಡಿ ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯ ಸಾರಜನಕ ರಕ್ತಕ್ಕೂ ಮಾಂಸಕ್ಕೂ ಇಳಿಯುತ್ತದೆ. ಮೇಲೆ ಬಂದ ನಂತರ ಅದು ಗಂಟೆಗಟ್ಟಲೆ ನಿಧಾನವಾಗಿ ಹೊರಹೋಗಬೇಕು. ಅಷ್ಟರಲ್ಲಿ ಸುತ್ತಲ ಗಾಳಿಯ ಒತ್ತಡ ಇಳಿದರೆ ಅದು ದೇಹದೊಳಗೇ ಗುಳ್ಳೆಗಟ್ಟುತ್ತದೆ. ಕೀಲುನೋವು, ಜೋಮು, ತಲೆಸುತ್ತು, ಕೆಲವೊಮ್ಮೆ ಪಾರ್ಶ್ವವಾಯು. ಹಾಗಾಗಿ ಡೈವಿಂಗ್ ಮಾಡಿ ಕೂಡಲೇ ವಿಮಾನ ಹತ್ತಬಾರದೆಂದು ಎಲ್ಲರೂ ಕಲಿತಿರುತ್ತಾರೆ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಸಂಸ್ಥೆಯ ಸಲಹೆಯಂತೆ ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನವಾದರೆ ಕನಿಷ್ಠ 18 ಗಂಟೆ ಬಿಡುವು ಬೇಕು. ಆದರೆ ಆ ಸಲಹೆ ಅನ್ವಯವಾಗುವ ಎತ್ತರ ಶುರುವಾಗುವುದು ಸುಮಾರು 600 ಮೀಟರಿಗೆ. ಬೆಂಗಳೂರು ಇರುವುದು 900 ಮೀಟರಿನ ಆಸುಪಾಸಿನಲ್ಲಿ. ಶುಕ್ರವಾರ ರಾತ್ರಿ ಕಲಾಸಿಪಾಳ್ಯದಲ್ಲಿ ಖಾಸಗಿ ಬಸ್ಸು ಹತ್ತಿ, ಶನಿವಾರ ಭಾನುವಾರ ನೀರಿಗಿಳಿದು, ಭಾನುವಾರ ಸಂಜೆಯೇ ಸ್ಲೀಪರ್ ಬಸ್ಸಿನಲ್ಲಿ ಮಲಗಿ ಘಟ್ಟ ಹತ್ತಿದರೆ, ಡೈವ್ ಮುಗಿದ ಹತ್ತು ಹನ್ನೊಂದು ಗಂಟೆಯೊಳಗೆ ಆ ಎತ್ತರ ದಾಟಿರುತ್ತೀರಿ, ಅದೂ ನಿದ್ದೆಯಲ್ಲಿ. ಸೋಮವಾರ ಬೆಳಿಗ್ಗೆ ಭುಜ ಹಿಡಿದುಕೊಂಡಿದ್ದನ್ನು ಬಸ್ಸಿನ ಪ್ರಯಾಣದ ಮೈಕೈನೋವು ಎಂದು ತಳ್ಳಿಹಾಕುವ ಸಾಧ್ಯತೆಯೇ ಹೆಚ್ಚು. ಭಾನುವಾರ ರಾತ್ರಿ ಮುರುಡೇಶ್ವರದಲ್ಲೇ ಉಳಿದು ಸೋಮವಾರ ಹಗಲಿನಲ್ಲಿ ಹೊರಡುವುದು ಸರಿಯಾದ ದಾರಿ. ಒಂದು ದಿನದ ರಜೆ ಹೋದರೆ ಹೋಗಲಿ.

ನೀರಿನೊಳಗೆ

ಪ್ರತಿ 10 ಮೀಟರಿಗೆ ನೀರಿನ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ. 20 ಮೀಟರಿನಲ್ಲಿ ಒಟ್ಟು ಒತ್ತಡ ಮೂರು ಪಟ್ಟು, ಪ್ರತಿ ಉಸಿರಿಗೂ ಮೂರು ಪಟ್ಟು ಗಾಳಿ ಖರ್ಚು. ಸಾಮಾನ್ಯ 11 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ತುಂಬಿದರೆ 2,200 ಲೀಟರ್ ಗಾಳಿ. ಕೊನೆಯ 50 ಬಾರನ್ನು ಮೀಸಲಿಟ್ಟರೆ ಉಳಿದದ್ದು 1,650. ನಿಮಿಷಕ್ಕೆ 20 ಲೀಟರ್ ಎಳೆಯುವವನಿಗೆ 20 ಮೀಟರಿನಲ್ಲಿ ಅದು ಇಪ್ಪತ್ತೇಳು ನಿಮಿಷಕ್ಕೆ ಸಾಕು. ಗಾಬರಿಯಾದರೆ ಅರ್ಧಕ್ಕೇ ಮುಗಿಯುತ್ತದೆ. ರೆಕ್ಕಿನಲ್ಲಿ ಗಾಬರಿಯಾಗುವ ಸಂದರ್ಭಗಳೂ ಹೆಚ್ಚು.

ಲಂಗರಿನ ಹಗ್ಗ ಹಿಡಿದು ಇಳಿಯುವಾಗ ಮೊದಲು ಕಾಣುವುದು ಹಡಗಲ್ಲ, ನೀರಿನ ಬಣ್ಣದಲ್ಲಿ ಒಂದು ಗಾಢ ಕಲೆ. ಇನ್ನೆರಡು ಮೀಟರ್ ಇಳಿದಾಗ ಅದಕ್ಕೊಂದು ನೇರ ಗೆರೆ ಬರುತ್ತದೆ. ಪ್ರಕೃತಿಯಲ್ಲಿ ನೇರ ಗೆರೆ ಅಪರೂಪ, ಆದ್ದರಿಂದ ಕಣ್ಣು ತಕ್ಷಣ ಹಿಡಿಯುತ್ತದೆ. ನೀರು ಕೆಂಪನ್ನು ಮೊದಲ ಕೆಲವು ಮೀಟರುಗಳಲ್ಲೇ ನುಂಗಿಬಿಡುವುದರಿಂದ ತುಕ್ಕು ಹಿಡಿದ ಹಡಗು ಬೂದು ಹಸಿರಾಗಿರುತ್ತದೆ. ಟಾರ್ಚ್ ಬಿಟ್ಟರೆ ಆ ವೃತ್ತದೊಳಗೆ ಮಾತ್ರ ಕಿತ್ತಳೆ ಸ್ಪಂಜು, ಕೆಂಪು ತುಕ್ಕು ಹೊತ್ತಿಕೊಳ್ಳುತ್ತವೆ. ಬಹಳಷ್ಟು ಹಡಗುಗಳು ಮಗ್ಗುಲಾಗಿ ಮಲಗಿರುತ್ತವೆ. ನೆಲವಾಗಬೇಕಾದ್ದು ಗೋಡೆ, ಮೆಟ್ಟಿಲು ಅಡ್ಡಡ್ಡ. ಒಳಗೆ ಹೋದವನಿಗೆ ಮೇಲು ಯಾವುದು ಎಂದು ಹೇಳುವುದು ತಾನು ಬಿಟ್ಟ ಉಸಿರಿನ ಗುಳ್ಳೆಗಳು ಮಾತ್ರ.

ಆ ಗುಳ್ಳೆಗಳೇ ತೊಂದರೆಯನ್ನೂ ತರುತ್ತವೆ. ಛಾವಣಿಗೆ ಬಡಿದಾಗ ವರ್ಷಗಳ ತುಕ್ಕು ಪುಡಿಪುಡಿಯಾಗಿ ಉದುರುತ್ತದೆ. ಫಿನ್ನಿನ ಒಂದು ಒದೆತಕ್ಕೆ ತಳದ ಹೂಳು ಎದ್ದು ದಾರಿ ಮುಚ್ಚುತ್ತದೆ. ಬಂದ ಬಾಗಿಲು ಮೂರು ಮೀಟರ್ ಹಿಂದೆಯೇ ಇದ್ದರೂ ಕಾಣದು. ಇದಕ್ಕಾಗಿ ಒಳಹೋಗುವವರು ಹೊರಗಿನ ಗಟ್ಟಿ ಜಾಗಕ್ಕೆ ಹಗ್ಗ ಕಟ್ಟಿ ರೀಲು ಬಿಚ್ಚುತ್ತಾ ಹೋಗುತ್ತಾರೆ, ಗಾಳಿಯ ಮೂರನೇ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಒಂದು ಪಾಲು ಆಪತ್ತಿಗೆ ಎಂದು ಹಂಚಿಕೊಳ್ಳುತ್ತಾರೆ. ಈ ತರಬೇತಿ ಇಲ್ಲದವರು ಹೊರಗಿನಿಂದಲೇ ನೋಡಿ ಬರಬೇಕು. ಇದರಲ್ಲಿ ರಾಜಿಯಿಲ್ಲ. ಆರಂಭದ ಓಪನ್ ವಾಟರ್ ಕೋರ್ಸ್ 18 ಮೀಟರ್‌ವರೆಗೆ, ಮುಂದಿನ ಅಡ್ವಾನ್ಸ್ಡ್ ಕೋರ್ಸ್ 30 ಮೀಟರ್‌ವರೆಗೆ ಇಳಿಯಲು ಅವಕಾಶ ಕೊಡುತ್ತವೆ. ಎರಡರಲ್ಲಿಯೂ ಹಡಗಿನೊಳಗೆ ನುಗ್ಗುವ ಅನುಮತಿಯಿಲ್ಲ. ಹೊರಗೆ ಇದ್ದವರಿಗೂ ಕಳಚಿಹೋದ ಬಲೆಯ ಭಯವಿದೆ. ನೈಲಾನ್ ಎಳೆ ನೀರಿನಲ್ಲಿ ಕಾಣುವುದಿಲ್ಲ, ಸಿಲಿಂಡರಿನ ಕುತ್ತಿಗೆಗೆ ಸಿಕ್ಕಿಕೊಂಡರೆ ಸ್ವಂತ ಕೈಗೆ ಎಟುಕುವುದಿಲ್ಲ. ಅದಕ್ಕೇ ಚಾಕು ಅಥವಾ ಎಳೆ ಕತ್ತರಿಸುವ ಕಟರ್ ಕೈಗೆ ಸಿಗುವಲ್ಲಿರಬೇಕು, ಜೊತೆಗಾರ ತೋಳಳತೆಯಲ್ಲಿರಬೇಕು. ಟೆಟನಸ್ ಚುಚ್ಚುಮದ್ದು ಹಾಕಿಸಿಕೊಂಡಿರುವುದು ಒಳ್ಳೆಯದು.

ಬೇಕೆಂದೇ ಮುಳುಗಿಸುವುದು

ನಿವೃತ್ತ ಹಡಗನ್ನು ಶುಚಿಗೊಳಿಸಿ, ಎಣ್ಣೆ, ಕಲ್ನಾರು, ತೂಗಾಡುವ ತಂತಿಗಳನ್ನೆಲ್ಲ ತೆಗೆದು, ಬಾಗಿಲುಗಳನ್ನು ಅಗಲ ಮಾಡಿ ಮುಳುಗಿಸಿದರೆ ಅದು ಮೀನಿಗೂ ಡೈವರ್‌ಗೂ ಸುರಕ್ಷಿತ ತಾಣವಾಗುತ್ತದೆ. ಪುದುಚೇರಿಯಲ್ಲಿ ಐಎನ್‌ಎಸ್ ಕಡಲೂರು ನೌಕೆಗೆ, ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ನಿವತಿ ಬಳಿ ಐಎನ್‌ಎಸ್ ಗುಲ್ದಾರ್ ನೌಕೆಗೆ ಇಂಥ ಯೋಜನೆಗಳಾಗಿವೆ. ಕರ್ನಾಟಕದ ಪಾಲಿಗೆ ಬಂದ ಯುದ್ಧನೌಕೆ ಐಎನ್‌ಎಸ್ ಚಾಪಲ್ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ದಡದ ಮೇಲಿನ ವಸ್ತುಸಂಗ್ರಹಾಲಯವಾಗಿದೆ. ಕೆಸರಿನಿಂದ ದೂರದ, ಮೀನುಗಾರರ ಬಲೆಯ ಹಾದಿಗೆ ಅಡ್ಡಬಾರದ ಜಾಗವನ್ನು ಅವರ ಜೊತೆಯಲ್ಲೇ ಕೂತು ಆರಿಸುವುದಾದರೆ ಇಲ್ಲಿಯೂ ಇದು ಆಗಬೇಕಾದ ಕೆಲಸ. ಅವರನ್ನು ಬಿಟ್ಟು ಮಾಡುವುದಾದರೆ ಬೇಡ.

ಕಾನೂನು

ನೂರು ವರ್ಷ ದಾಟಿದ ವಸ್ತು 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯಡಿ ಪ್ರಾಚ್ಯವಸ್ತು. ಅದನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ನೀರೊಳಗಿನ ಪುರಾತತ್ತ್ವ ವಿಭಾಗ 2001ರಲ್ಲಿ ಶುರುವಾಯಿತು. ಲಕ್ಷದ್ವೀಪದ ಬಂಗಾರಂ ಬಳಿಯ ಪ್ರಿನ್ಸೆಸ್ ರಾಯಲ್ ಹಡಗಿನ ಶೋಧವನ್ನು ಅದು ನೌಕಾಪಡೆಯ ಜೊತೆ ನಡೆಸಿತು. ಅದೇ 2001ರಲ್ಲಿ ಯುನೆಸ್ಕೊ ನೀರೊಳಗಿನ ಸಾಂಸ್ಕೃತಿಕ ಪರಂಪರೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ನೂರು ವರ್ಷ ನೀರಿನಡಿ ಇದ್ದದ್ದನ್ನು ಸಾಧ್ಯವಾದಷ್ಟೂ ಇದ್ದಲ್ಲೇ ಉಳಿಸಬೇಕು, ಮಾರಾಟಕ್ಕೆಂದು ಎತ್ತಬಾರದು ಎಂಬುದು ಅದರ ತಿರುಳು. ಭಾರತ ಅದಕ್ಕೆ ಇನ್ನೂ ಸೇರಿಲ್ಲ.

ಹೊಸ ಹಡಗಿಗೂ ಒಡೆಯರಿದ್ದಾರೆ, ಮಾಲೀಕ ಅಥವಾ ವಿಮೆ ಕಂಪನಿ. ಅದರ ತುಂಡೊಂದನ್ನು ತೆಗೆದುಕೊಂಡರೆ ಅದು ಕಳವು. ವ್ಯಾಪಾರಿ ಹಡಗುಗಳ ಕಾನೂನಿನಂತೆ ಮುಳುಗಿದ ಹಡಗಿನ ವಸ್ತು ಸಿಕ್ಕವರು ಅದಕ್ಕೆಂದೇ ನೇಮಿಸಿದ ಅಧಿಕಾರಿಗೆ ತಿಳಿಸಬೇಕು. ನೀರಿನಲ್ಲಿ ಹಳೆಯದೇನಾದರೂ ಕಂಡ ಡೈವರ್ ಮಾಡಬೇಕಾದ್ದು ಇಷ್ಟು: ಮುಟ್ಟದೆ, ಪಕ್ಕದಲ್ಲಿ ಅಳತೆಗೆ ಸ್ಲೇಟು ಹಿಡಿದು ಚಿತ್ರ ತೆಗೆಯುವುದು, ಆಳವನ್ನು ಕೈಗೆ ಕಟ್ಟಿದ ಡೈವ್ ಕಂಪ್ಯೂಟರ್ ನೋಡಿ ಬರೆದುಕೊಳ್ಳುವುದು, ದೋಣಿಗೆ ಬಂದ ಕೂಡಲೇ ಜಿಪಿಎಸ್ ಸ್ಥಾನ ಗುರುತಿಸಿಕೊಳ್ಳುವುದು, ಆಮೇಲೆ ಗೋವೆಯ ಸಮುದ್ರ ವಿಜ್ಞಾನ ಸಂಸ್ಥೆಗೋ ಪುರಾತತ್ತ್ವ ಸರ್ವೇಕ್ಷಣ ಇಲಾಖೆಗೋ ಬರೆಯುವುದು. ಸ್ಥಾನವನ್ನು ಬೇರೆ ಯಾರಿಗೂ, ಮುಖ್ಯವಾಗಿ ಫೇಸ್‌ಬುಕ್ಕಿಗೆ, ಹೇಳಬಾರದು.